ಮೇಜಿಗಂಟಿದ ರೆಕ್ಕೆ

ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಹೊದಿಸಿ ಹೊದಿಸಿಯೇ ತಲೆ ನರೆಸಿಕೊಂಡ ಸೀಟಣ್ಣನಿಗೆ ಗೊತ್ತಿದ್ದ ಸಿದ್ಧಾಂತ ಒಂದೇ: ಎಳಿ, ಮೊಳೆ ಹೊಡಿ. ರಿಟೈರಾದ ಮೇಲೆ ಕೈ ಸುಮ್ಮನಿರದೆ ಮರದ ಕಡ್ಡಿ ಜೋಡಿಸಿ ಹಾರುವ ಆಟದ ವಿಮಾನ ಮಾಡಲು ಕೂತ. ಕೂತದ್ದು ಮನೆಯಲ್ಲಿದ್ದ ಒಂದೇ ಒಂದು ಊಟದ ಮೇಜಿನ ಮುಂದೆ. ಅಂದಿನಿಂದ ಮಂಚದ ಮೇಲೇ ಊಟ. ಹಾಸಿಗೆ ತುಂಬ ಎಂಜಲು, ತಟ್ಟೆ ತುಂಬ ಮರದ ಹೊಟ್ಟು.

ಹೆಂಡತಿಯ ತಲೆ ಕೆಟ್ಟಿತು. "ಭಾನುವಾರ ಇದು ಹಾರಿದ್ರೆ ಮೇಜು ನಿಮ್ದು. ಹಾರ್ಲಿಲ್ವೋ, ಇದೇ ಕಡ್ಡೀಲಿ ಒಲೆ ಹಚ್ತೀನಿ."

ರೆಕ್ಕೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ ಹೊದಿಸಿ, ವಾರ್ನಿಶ್‌ನಂತೆ ಅಂಟುವ ಲ್ಯಾಕರ್ ಬಳಿಯಬೇಕು. ಒಣಗುತ್ತಾ ಕಾಗದ ಬಿಗಿಯುತ್ತದೆ. ಒತ್ತಿಡದಿದ್ದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಒತ್ತುವುದನ್ನು ಸೀಟಣ್ಣನಿಗೆ ಯಾರು ಹೇಳಿಕೊಡಬೇಕು? ಧಾರಾಳವಾಗಿ ಲ್ಯಾಕರ್ ಬಳಿದು, ರೆಕ್ಕೆಯನ್ನು ಮೇಜಿಗೆ ಅದುಮಿ, ಅಂಚಿಗೆ ಸಾಲಾಗಿ ಮೊಳೆ ಜಡಿದ.

ಬೆಳಿಗ್ಗೆ ಮೊಳೆ ಕಿತ್ತು ರೆಕ್ಕೆ ಎತ್ತಿದರೆ ಮೇಜಿನ ಕಾಲೆದ್ದಿತು. ಕಾಗದದೊಳಗಿಂದ ಇಳಿದ ಲ್ಯಾಕರ್ ಎರಡನ್ನೂ ಒಂದು ಮಾಡಿತ್ತು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಮೇಜನ್ನೂ ಸೇರ್ಸೇ ಹಾರ್ಸಿ."

ಸೀಟಣ್ಣ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಥಿನ್ನರ್ ಸುರಿದ. ರೆಕ್ಕೆ ಬಿಟ್ಟುಕೊಂಡಿತು, ಅದರ ಕೆಳಗಿನ ಕಾಗದ ಮೇಜಿನ ಮೇಲೇ ಉಳಿಯಿತು, ಮೇಜಿನ ಪಾಲಿಶ್ ಥಿನ್ನರಿನ ಪಾಲಾಯಿತು. ನಡು ಮೇಜಿನಲ್ಲಿ ಬಿಳಿಯ ರೆಕ್ಕೆಯೊಂದು ಮೂಡಿ ನಿಂತಿತು. ಉಜ್ಜಿದಷ್ಟೂ ಮಿನುಗಿತು.

ಮತ್ತೆ ಕಾಗದ ಹೊದಿಸಿ, ಲ್ಯಾಕರ್ ಬಳಿದು, ಮತ್ತೆ ಸುತ್ತಿಗೆ ಎತ್ತಿದಾಗ ಹೆಂಡತಿ ಕಿತ್ತುಕೊಂಡಳು. ರೆಕ್ಕೆಯಡಿ ಬೆಂಕಿಪೊಟ್ಟಣಗಳನ್ನು ಸಾಲಾಗಿಟ್ಟು, ಅಂಚಿನ ಮೇಲೆ ತಕ್ಕಡಿಯ ತೂಕದ ಬಟ್ಟುಗಳನ್ನು ಹೇರಿದಳು. "ತಳಕ್ಕೆ ಗಾಳಿ ಆಡ್ಲಿ. ಇದೇನು ಡ್ರೈವರ್ ಕೂರೋ ಸೀಟಾ?"

ಒಲೆ ಹಚ್ಚುತ್ತೇನೆ ಅಂದವಳಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿದ್ದೇಕೆ ಎಂದು ಸೀಟಣ್ಣ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಭಾನುವಾರ ಮೈದಾನದಲ್ಲಿ ಮೂತಿಯ ಫ್ಯಾನಿಗೆ ಕಟ್ಟಿದ ರಬ್ಬರ್ ಸುತ್ತಿ ಬಿಟ್ಟದ್ದೇ ತಡ, ವಿಮಾನ ಗೋಲುಕಂಬ ದಾಟಿ, ಮಲಗಿದ್ದ ನಾಯಿಯನ್ನೆಬ್ಬಿಸಿ, ಹುಲ್ಲಿನ ಮೇಲೆ ಮೆತ್ತಗೆ ಕೂತಿತು.

"ಮೇಜು ನಂದು!" ಸೀಟಣ್ಣ ಕುಣಿದ.

"ನಿಮ್ದೇ. ಆ ಗುರುತು ಬಿದ್ದ ಮೇಜು ನಂಗ್ಯಾಕೆ? ನಾಳೆಯಿಂದ ನಂಗೊಂದು ಹೊಸದು ಮಾಡಿ."

ಬೆಂಕಿಪೊಟ್ಟಣದ ಕರುಣೆ ಆಗ ಅರ್ಥವಾಯಿತು. ಗೆದ್ದವನು ಮರುದಿನ ಹಲಗೆ ಅಳೆಯಲು ಕೂತ. ಹೆಂಡತಿ ಅತ್ತ ತಿರುಗಿದ್ದು ನೋಡಿ, ಮುಂದಿನ ವಿಮಾನದ ರೆಕ್ಕೆಗೂ ಜಾಗವಿರಲಿ ಎಂದು ಹೊಸ ಮೇಜಿಗೆ ಗೇಣುದ್ದ ಹೆಚ್ಚಿಗೇ ಗೆರೆ ಎಳೆದ.