ಸಂತೋಷದಿಂದ ಅನ್ನುವ ಮಾತು

ಅವತ್ತು ಬೆಳಿಗ್ಗೆ ಹೊನ್ನಾಳಿಯ ಕಾಲೇಜಿನಲ್ಲಿ ದೇಶ ದೇಶಗಳ ಕಾನೂನು ಹೋಲಿಸಿ ಪಾಠ ಮಾಡುತ್ತಿದ್ದೆ. ಐಸ್‌ಲ್ಯಾಂಡಿನಲ್ಲಿ ಹೆಂಗಸಿಗೂ ಗಂಡಸಿಗೂ ಸಮಾನ ಸಂಬಳ ಕೊಡುತ್ತಿದ್ದೇವೆ ಎಂದು ಕಂಪನಿಯೇ ಸಾಬೀತು ಮಾಡಬೇಕು. ಜಪಾನಿನಲ್ಲಿ ಗಂಡ ಹೆಂಡತಿ ಒಂದೇ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕು, ತನ್ನದನ್ನು ಬಿಡುವವಳು ಹೆಚ್ಚಾಗಿ ಹೆಂಡತಿಯೇ. ನೇಪಾಳದ ಸಂವಿಧಾನದಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಾನ ಹಕ್ಕಿದೆ. "ನಮ್ಮಲ್ಲೂ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಐತೆ" ಎಂದು ಬೀಗಿದೆ.

ಹಿಂದಿನ ಬೆಂಚಿನ ಹುಡುಗಿ ಎದ್ದು, "ನೀವು ತಗಂಡೀರಾ ಮೇಡಂ?" ಎಂದಳು.

ಸಿಟ್ಟು ನೆತ್ತಿಗೇರಿತು. ಅಧಿಕಪ್ರಸಂಗ ಮಾಡಬೇಡ ಎಂದು ಕೂರಿಸಿದೆ. ಯಾಕೆಂದರೆ ಅವತ್ತೇ ಮಧ್ಯಾಹ್ನ ಚನ್ನಗಿರಿಗೆ ಹೋಗಿ, ಕತ್ತಲಗೆರೆಯ ಅಪ್ಪನ ಹೊಲದಲ್ಲಿ ನನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವುದಿತ್ತು. ಅಪ್ಪ ಅಮ್ಮ ಇಬ್ಬರೂ ಇಲ್ಲ. ತವರು ಅಂತ ಉಳಿದಿದ್ದು ಈ ತಮ್ಮನೊಬ್ಬನೇ. ಸಹಿ ಹಾಕದಿದ್ದರೆ ಅವನೂ ಇಲ್ಲ.

ನೋಂದಣಿ ಕಚೇರಿ ಮುಂದೆ ಹೊಸ ಸೀರೆ, ಅರಿಶಿನ ಕುಂಕುಮದ ಚೀಲ ಹಿಡಿದು ತಮ್ಮ ನಿಂತಿದ್ದ. ನಮ್ಮ ಕಡೆ ಪಾಲು ಬಿಡುವ ಹೆಣ್ಣುಮಗಳಿಗೆ ಕೊಡುವುದು ಇಷ್ಟೇ. ಪತ್ರ ಬರೆದವರು ಗಡಗಡ ಓದಿದರು: "ಅರಿಶಿನ ಕುಂಕುಮ ಪಡೆದು, ಸಂತೋಷದಿಂದ ನನ್ನ ಹಕ್ಕನ್ನು ಬಿಟ್ಟಿರುತ್ತೇನೆ."

"ಸಂತೋಷದಿಂದ ಅಂತ ನಿಮಗೆ ಯಾರು ಹೇಳಿದ್ರು?" ಎಂದೆ.

"ಎಲ್ಲಾ ಅಕ್ಕತಂಗೇರ ಪತ್ರದಾಗೂ ಹಿಂಗೇ ಬರಿಯೋದು ತಾಯಿ."

"ಒಂದು ಮಾತಿಗೆ ಯಾಕೆ ಇಷ್ಟು ರಾದ್ಧಾಂತ ಅಕ್ಕ? ಜನ ನೋಡ್ತಾರೆ" ಎಂದು ತಮ್ಮ ಹಲ್ಲು ಕಚ್ಚಿದ.

ಒಳಗೆ ಅಧಿಕಾರಿ ತಲೆ ಎತ್ತದೆಯೇ ಕೇಳಿದರು, "ಸಂತೋಷದಿಂದ ಬಿಡ್ತಿದೀರಾ?" ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮೊಣಕೈಯಿಂದ ತಮ್ಮ ತಿವಿದ. "ಇಲ್ರೀ" ಎಂದೆ. ಆಗ ಅವರು ತಲೆ ಎತ್ತಿ ನನ್ನ ಮುಖ ನೋಡಿ, ಪತ್ರವನ್ನು ವಾಪಸ್ ತಳ್ಳಿದರು.

ಹೊರಗೆ ಬಂದ ಮೇಲೆ ತಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಚೀಲವನ್ನು ಬೈಕಿಗೆ ಸಿಕ್ಕಿಸಿ ಮೆಲ್ಲಗೆ ಹೇಳಿದ: "ಇನ್ಮೇಲೆ ಪಂಚಮಿಗೆ ನಿನ್ನ ಕರಿಯಾಕೆ ಬರಲ್ಲ."

ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಕರೆದೊಯ್ಯದಿದ್ದರೆ ನಮ್ಮಲ್ಲಿ ಆ ಹೆಣ್ಣಿಗೆ ತವರೇ ಇಲ್ಲ ಅಂತ ಲೆಕ್ಕ. ಅವನನ್ನು ಕಂಕುಳಲ್ಲಿ ಎತ್ತಿ ಆಡಿಸಿದವಳು ನಾನು. ಕಣ್ಣು ತುಂಬಿ ಬಂತು.

"ಬ್ಯಾಡ ಬಿಡು" ಎಂದೆ. "ನನ್ನ ಹೊಲಕ್ಕೆ ಬರಾಕೆ ನನ್ನ ಯಾರೂ ಕರಿಯಬೇಕಾಗಿಲ್ಲ."