ಸಮುದ್ರದ ದಂಡೆಯಿಂದ ತಂದ ಹೊಸಿಲು

ನಮ್ಮ ಮೊಮ್ಮಗಳು ಹೊಸಿಲು ದಾಟಿದಳು! ಯಾರ ಕೈಯನ್ನೂ ಹಿಡಿಯದೆ, ಗೋಡೆಗೂ ಆತುಕೊಳ್ಳದೆ, ತಾನೇ ತಾನಾಗಿ ದಾಟಿದಳು. ನಾನು ಕಣ್ಣಾರೆ ಕಂಡೆ. ಇದನ್ನು ಮೊದಲು ಹೇಳಿಬಿಡಬೇಕು. ಬೇರೆ ಏನು ಬರೆಯಲು ಕೂತರೂ ಕೈ ಓಡುವುದಿಲ್ಲ.

ದಾಟಿದ್ದು ನಮ್ಮೂರಿನಲ್ಲಲ್ಲ. ನಮ್ಮದು ಸಾಗರ ತಾಲೂಕು, ಶರಾವತಿ ಹಿನ್ನೀರಿನಲ್ಲಿ ಹೊಳೆಬಾಗಿಲಿನಿಂದ ಆಚೆ ದಡ. ಮೊಮ್ಮಗಳು ಇರುವುದು ಸೈಪ್ರಸ್ ಎಂಬ ದ್ವೀಪದಲ್ಲಿ. ಅದು ಮೆಡಿಟರೇನಿಯನ್ ಸಮುದ್ರದಲ್ಲಿದೆ. ನಾನು ಓದಿದ್ದು ಮೂರನೇ ಕ್ಲಾಸು, ಆ ಸಮುದ್ರದ ಹೆಸರು ನನ್ನ ಬಾಯಲ್ಲಿ ಕೂರಬೇಕಾದರೆ ವಿಮಾನ ಇಳಿಯುವ ಹೊತ್ತಾಗಿತ್ತು. ಅಳಿಯ ತೀರ್ಥಹಳ್ಳಿ ಕಡೆಯವನು, ಅಲ್ಲಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಮಗಳು ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ನರ್ಸು.

ನಾವು ಗಂಡ ಹೆಂಡತಿ ಅಷ್ಟು ದೂರ ಹೋದದ್ದು ಊರು ನೋಡಲಿಕ್ಕಲ್ಲ. ಮಗುವಿಗೆ ಒಂದೂವರೆ ವರ್ಷ ತುಂಬಿದ್ದರೂ ನಡೆದಿರಲಿಲ್ಲ. ಅಂಬೆಗಾಲಿನಲ್ಲಿ ಮನೆಯೆಲ್ಲ ಸುತ್ತುತ್ತಿತ್ತು, ಕುರ್ಚಿ ಹಿಡಿದು ನಿಲ್ಲುತ್ತಿತ್ತು. ಕೈ ಬಿಡು ಎಂದರೆ ಕುಕ್ಕರಿಸಿಬಿಡುತ್ತಿತ್ತು. ಕಾಲಿಗೆ ಏನೂ ಆಗಿಲ್ಲ, ಸ್ವಲ್ಪ ಕಾಯಿರಿ ಎಂದು ಡಾಕ್ಟರು ಹೇಳಿದ್ದರು. ಊರಿಗೆಲ್ಲ ಧೈರ್ಯ ಹೇಳುವ ನರ್ಸು ನನ್ನ ಮಗಳು, ತನ್ನ ಮಗುವಿನ ವಿಷಯಕ್ಕೆ ಮಾತ್ರ ಕಂಗಾಲು. ಫೋನಿನಲ್ಲಿ ಮಾತು ಎಲ್ಲಿಂದ ಶುರುವಾದರೂ ಕಾಲಿಗೇ ಬಂದು ನಿಲ್ಲುತ್ತಿತ್ತು. ಕೊನೆಗೆ ನಾನೇ, "ಬತ್ತೀವಿ, ನಡೆಸಿಯೇ ಹೋಗ್ತೀವಿ" ಎಂದುಬಿಟ್ಟೆ.

ಮಗಳಿರುವುದು ಬೇಸಿಗೆಯ ಪ್ರವಾಸಿಗಳಿಗಾಗಿಯೇ ಇರುವ ಊರು. ನಾವು ಹೋದಾಗ ಅವರಿನ್ನೂ ಬಂದಿರಲಿಲ್ಲ. ಸಮುದ್ರದ ದಂಡೆಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದರು, ದೊಡ್ಡ ದೊಡ್ಡ ಕೊಡೆಗಳು ಮುದುರಿಕೊಂಡು ನಿಂತಿದ್ದವು. ರಸ್ತೆಯ ನಡುವೆ ಬೆಕ್ಕುಗಳು ಮಲಗಿರುತ್ತಿದ್ದವು, ಎಬ್ಬಿಸುವ ವಾಹನವೇ ಇಲ್ಲ. ನಿಂಬೆ ಗಿಡವಿಲ್ಲದ ಅಂಗಳ ಕಾಣಲಿಲ್ಲ. ಸಮುದ್ರವೋ, ಗಾಳಿಯಿಲ್ಲದ ದಿನ ನಮ್ಮ ಹಿನ್ನೀರಿನ ಹಾಗೆಯೇ ಸುಮ್ಮನೆ ಬಿದ್ದಿರುತ್ತಿತ್ತು. ನಮ್ಮವರು ಮೊದಲ ದಿನವೇ ಬೆರಳದ್ದಿ ನೆಕ್ಕಿ ನೋಡಿದರು. "ಉಪ್ಪೈತೆ ಮಾರಾಯ್ತಿ, ಸಮುದ್ರವೇ ಸೈ" ಎಂದು ಒಪ್ಪಿಕೊಂಡರು.

ಮನೆ ಚಂದವಿತ್ತು. ಬಿಳಿ ಗೋಡೆ, ಸಮುದ್ರದ ಕಡೆಗೆ ಜಾರಿಸುವ ಗಾಜಿನ ಬಾಗಿಲು, ಅದರಾಚೆ ಜಗಲಿ. ನನಗೆ ಒಳಗೆ ಕಾಲಿಟ್ಟ ಕೂಡಲೇ ಏನೋ ಕೊರತೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಹೊಳೆಯಿತು. ಮನೆಗೆ ಹೊಸಿಲೇ ಇಲ್ಲ! ಒಳಗಿನ ನೆಲ, ಹೊರಗಿನ ನೆಲ ಎಲ್ಲ ಒಂದೇ ಸಪಾಟು.

ನಮ್ಮಲ್ಲಿ ಮಗು ಹೊಸಿಲು ದಾಟಿದ ದಿನ ಹಬ್ಬ. ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು, ಕಡುಬು ಮಾಡಿ, ಮೊದಲಿನದನ್ನು ಹೊಸಿಲ ಮೇಲಿಟ್ಟು, ಉಳಿದದ್ದನ್ನು ಅಕ್ಕಪಕ್ಕದ ಮನೆಗೆ ಕೊಡುತ್ತೇವೆ. ನನ್ನ ಮಕ್ಕಳೆಲ್ಲ ಹೊಸಿಲಿಗೆ ಕೈಯೂರಿ, ಆಚೆ ಏನಿದೆ ಎಂದು ಇಣುಕಿ ಇಣುಕಿಯೇ ಕಾಲು ಕಲಿತವರು. ದಾಟಲು ಏನೂ ಇಲ್ಲದ ಮನೆಯಲ್ಲಿ ಮಗು ಯಾಕೆ ದಾಟೀತು?

"ಈ ಮನೆಗೊಂದು ಹೊಸಿಲು ಬೇಕು" ಎಂದೆ.

"ವಿಮಾನ ಹತ್ತಿ ಇಲ್ಲಿಗೆ ಬಂದು ಹೊಸಿಲು ಹುಡುಕ್ತಾಳೆ ನೋಡು ಇವಳು" ಎಂದು ನಮ್ಮವರು ನಕ್ಕರು. "ಮೊದಲೇ ಹೇಳಿದ್ರೆ ನಮ್ಮನೇದನ್ನೇ ಕಿತ್ತು ತರ್ತಿದ್ನಲೇ!"

ಮಾರನೆಯ ಬೆಳಿಗ್ಗೆ ದಂಡೆಯಲ್ಲಿ ಅಡ್ಡಾಡುವಾಗ ಅದು ಕಣ್ಣಿಗೆ ಬಿತ್ತು. ಮರಳಿನಲ್ಲಿ ಅರ್ಧ ಹೂತು ಬಿದ್ದಿದ್ದ ದಪ್ಪ ಹಲಗೆ. ನಡುವೆ ಸವೆದು ನುಣ್ಣಗಾಗಿತ್ತು, ನೂರು ವರ್ಷ ಜನ ಓಡಾಡಿದ ಹೊಸಿಲಿನ ಹಾಗೆಯೇ. ಬೇಸಿಗೆಯಲ್ಲಿ ನಮ್ಮ ಹಿನ್ನೀರು ಇಳಿದಾಗ ಹಳೆಯ ಮರ, ಬೊಡ್ಡೆ ಎಲ್ಲ ಮೇಲೆ ಬರುತ್ತವೆ. ಎಳೆದುಕೊಂಡವರ ಪಾಲು, ಯಾರೂ ಕೇಳುವುದಿಲ್ಲ. ಸಮುದ್ರವೂ ಹಾಗೆಯೇ ಎಂದುಕೊಂಡೆ. ಒಂದು ತುದಿ ನಾನು, ಇನ್ನೊಂದು ತುದಿ ನಮ್ಮವರು ಹಿಡಿದು ಮನೆಗೆ ತಂದೆವು. ಅದಕ್ಕೆ ಮೆತ್ತಿದ್ದ ಜಿಡ್ಡು ಹೋಗಲು ಪಾತ್ರೆ ತೊಳೆಯುವ ಸೋಪೇ ಅರ್ಧ ಖಾಲಿಯಾಯಿತು. ಒಣಗಿಸಿ, ಅಕ್ಕಿ ಅರೆದು, ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಚಿತ್ತಾರ ಬರೆದೆ. ನಮ್ಮ ಮದುವೆ ಮನೆಗಳ ಗೋಡೆಗೆ ಬರೆಯುತ್ತೇವಲ್ಲ, ಆ ಎಳೆಗಳೇ. ಅರಿಶಿನ ಕುಂಕುಮ ಇಟ್ಟು ಗಾಜಿನ ಬಾಗಿಲಿಗೆ ಅಡ್ಡ ಹಾಸಿದೆ.

ಸಂಜೆ ಕೆಲಸದಿಂದ ಬಂದ ಅಳಿಯ ಜಗಲಿಯಿಂದ ಒಳಗೆ ಬರುವಾಗ ಅದಕ್ಕೇ ಎಡವಿದ. "ಅತ್ತೇ, ಎಂತದಿದು?"

"ಹೊಸಿಲು. ಕಾಲೆತ್ತಿ ದಾಟು, ಮಗಳೂ ಕಲೀತಾಳೆ."

ಮೊಮ್ಮಗಳಿಗಂತೂ ಆ ಹಲಗೆ ಬಹಳ ಹಿಡಿಸಿತು. ಆದರೆ ದಾಟಲಿಕ್ಕಲ್ಲ, ಕೂರಲಿಕ್ಕೆ! ಹೊಸಿಲ ಮೇಲೆ ಕೂರಬಾರದು ಎಂದು ನಾನು ಎಷ್ಟು ಸಲ ಎತ್ತಿ ಇಳಿಸಿದರೂ ಹೋಗಿ ಅಲ್ಲೇ ಕೂರುವಳು. ಕುಂಕುಮ ಒರೆಸಿ ಕೆನ್ನೆಗೆ ಬಳಿದುಕೊಳ್ಳುವಳು. ಬೆಕ್ಕು ಹತ್ತಿರ ಬಂದರೆ ಗದರುವಳು. ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಳು, ಮತ್ತೆ ಕುಕ್ಕರಿಸುವಳು. ದಿನಗಳು ಕಳೆದವು. ಒಂದು ದಿನ ಮಗಳಿಗೆ ತಡೆಯಲಾಗಲಿಲ್ಲ.

"ಅಮ್ಮ, ಹಲಗೆ ಇಟ್ರೆ ಕಾಲು ಬರ್ತದಾ? ಸುಮ್ನೆ ನನಗೆ ಆಸೆ ಹುಟ್ಟಿಸ್ಬೇಡ. ದಿನಾ ಕೆಲಸದಿಂದ ಬರುವಾಗ ಇವತ್ತು ನಡೆದಿರ್ತಾಳೇನೋ ಅಂತ ಓಡಿ ಬರ್ತೀನಿ. ಬಾಗಿಲಲ್ಲಿ ಕೂತಿರ್ತಾಳೆ."

"ನಡೀತಾಳೆ ಕಣೇ. ನೀನು ಹೀಗೇ ಇದ್ದೆ. ಹಟ ಬಂದ ದಿನ ಎದ್ದೆ."

"ಎಲ್ಲದಕ್ಕೂ ನಿನ್ನ ಹತ್ರ ಒಂದು ಉತ್ತರ ಇರ್ತದೆ" ಎಂದು ಅವಳು ಮುಖ ತಿರುಗಿಸಿಕೊಂಡಳು. ನನಗೆ ಬೇಸರವಾಯಿತು, ಸಂಶಯ ಮಾತ್ರ ಬರಲಿಲ್ಲ. ಆ ಮಗುವಿನ ಕಾಲು ನಾನು ದಿನಾ ಎಣ್ಣೆ ತಿಕ್ಕಿದ ಕಾಲು. ಅದರ ಒದೆ ತಿಂದವಳಿಗೆ ಗೊತ್ತು.

ಅದಾದ ಮೇಲೆ ಒಂದು ದಿನ ಮಗಳಿಗೂ ಅಳಿಯನಿಗೂ ರಜೆ. ಮಧ್ಯಾಹ್ನ ಜಗಲಿಗೆ ಒಬ್ಬ ಮುದುಕ ಬಂದ. ಮೊಳಕಾಲ ತನಕ ಒದ್ದೆ, ತಲೆಗೆ ಉಣ್ಣೆಯ ಟೋಪಿ. ದಂಡೆಯಲ್ಲಿ ಬಲೆ ಬಿಡಿಸುತ್ತಾ ಕೂರುತ್ತಿದ್ದವನು, ನಾವು ಕಂಡಿದ್ದೆವು. ಹಲಗೆಯನ್ನು ನೋಡಿದ, ನಮ್ಮನ್ನು ನೋಡಿದ, ಅವರ ಭಾಷೆಯಲ್ಲಿ ಏನೋ ಹೇಳಿದ. ಆ ಭಾಷೆ ಸ್ವಲ್ಪ ಬಲ್ಲ ನನ್ನ ಮಗಳ ಮುಖ ಕೆಂಪಾಯಿತು.

"ಅಮ್ಮಾ! ಇದು ಇವರದಂತೆ. ದೋಣೀನ ಮರಳಿನ ಮೇಲೆ ಎಳೆಯುವಾಗ ಅಡಿಗೆ ಹಾಕೋ ಹಲಗೆ. ಜಾರ್ಲಿ ಅಂತ ಅವರೇ ಜಿಡ್ಡು ಹಚ್ಚಿಟ್ಟಿದ್ರಂತೆ. ಹಲಗೆ ಸಾಲದೆ ಈಗ ದೋಣಿ ಅರ್ಧಕ್ಕೇ ನಿಂತುಬಿಟ್ಟಿದೆಯಂತೆ!"

"ಆ ಜಿಡ್ಡನ್ನೇ ಇವಳು ಸೋಪು ಹಾಕಿ ತಿಕ್ಕಿದ್ದು" ಎಂದು ನಮ್ಮವರು ತಲೆ ಮೇಲೆ ಕೈ ಹೊತ್ತರು.

ನನಗೆ ನಾಚಿಕೆಯಾಯಿತು. ಆದರೂ, "ಅದೀಗ ನಮ್ಮ ಹೊಸಿಲಾಗಿದೆ, ಮಗು ದಾಟೋ ತನಕ ಇರಲಿ ಅಂತ ಕೇಳೇ" ಎಂದೆ.

"ನಾನು ಕೇಳಲ್ಲ!"

ಮುದುಕ ಬಗ್ಗಿ ಹಲಗೆಯ ಒಂದು ತುದಿ ಎತ್ತಿದ. ಮೊಮ್ಮಗಳು ಚೌಕಟ್ಟು ಹಿಡಿದು ಅಲ್ಲೇ ನಿಂತಿದ್ದಳು. ತನ್ನ ಹಲಗೆ ಏಳುವುದನ್ನು ಕಂಡು ಒಮ್ಮೆ "ಆಂ!" ಎಂದು ಕಿರುಚಿದಳು. ಮುದುಕ ಬೆಚ್ಚಿ ಅದನ್ನು ಕೆಳಗಿಟ್ಟ. ಅಷ್ಟಕ್ಕೆ ಬಿಡುವವಳೇ? ಚೌಕಟ್ಟಿನಿಂದ ಕೈ ತೆಗೆದಳು. ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ಕಾಲು ಆಚೆ. ತೂರಾಡುತ್ತಾ, ಮುಷ್ಟಿ ಕಟ್ಟಿಕೊಂಡು, ನೇರ ಮುದುಕನ ಹತ್ತಿರ ಹೋಗಿ ಅವನ ಕೈಗೆ ಪಟಪಟ ಬಾರಿಸಿದಳು!

 ಮಗಳು ಇದ್ದಲ್ಲೇ ನೆಲಕ್ಕೆ ಕೂತಳು. ಎರಡೂ ಕೈ ಚಾಚಿದಳು. ಮಗು ತಿರುಗಿ, ಮತ್ತೆ ಹಲಗೆ ಮೆಟ್ಟಿ ಇಳಿದು, ಅಮ್ಮನ ಮಡಿಲಿಗೆ ಬಂದು ಬಿತ್ತು. ಮಗಳು ಅಳುತ್ತಲೂ ನಗುತ್ತಲೂ ಆ ಪಾದಗಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಅಳಿಯ ಮುದುಕನಿಗೆ ವಿಷಯ ಹೇಳಿದ. ಅವನು ಟೋಪಿ ತೆಗೆದು ಗಾಳಿಗೆ ಬೀಸಿ, ಹೊಡೆತ ತಿಂದ ಕೈಯನ್ನು ಎಲ್ಲರಿಗೂ ತೋರಿಸಿ ನಕ್ಕ.

ಹೊಸಿಲು ತನ್ನ ಕೆಲಸ ಮಾಡಿತ್ತು, ಇನ್ನು ಇಟ್ಟುಕೊಳ್ಳುವುದು ಸರಿಯಲ್ಲ. ನಮ್ಮವರೂ ಅಳಿಯನೂ ಹಲಗೆ ಹೊತ್ತು ಅವನ ಜೊತೆ ಹೋದರು. ನಾವೂ ಹಿಂದೆ ಹೋದೆವು. ಅವನು ಮತ್ತೆ ಜಿಡ್ಡು ಹಚ್ಚಿದ, ಆದರೆ ಅಂಚಿನ ಚಿತ್ತಾರ ಅಳಿಸದ ಹಾಗೆ ನಡುವೆ ಮಾತ್ರ. ಎಲ್ಲರೂ ಸೇರಿ ಎಳೆದಾಗ ದೋಣಿ ಆ ಹಲಗೆಯ ಮೇಲೆ ಜಾರಿ ದಡ ಹತ್ತಿತು. ಅವನು ಬುಟ್ಟಿಯಿಂದ ಮೀನು ತೆಗೆದು ಮೊಮ್ಮಗಳ ಮುಂದೆ ಹಿಡಿದ. ಅವಳು ಮೀನಿಗೂ ಒಂದು ಬಾರಿಸಿದಳು.

"ನಾಳೆ ಅವನ ದೋಣೀನೇ ಹೊತ್ಕೊಂಡು ಬರಬೇಡ, ಆಯ್ತಾ?" ಎಂದು ದಾರಿಯುದ್ದಕ್ಕೂ ನಮ್ಮವರ ಕೀಟಲೆ.

ಸಂಜೆ ಊರಿನಿಂದ ತಂದ ಬೆಲ್ಲ, ಅಲ್ಲಿನ ಅಂಗಡಿಯ ತೆಂಗಿನಕಾಯಿ ಸೇರಿಸಿ ಕಡುಬು ಬೇಯಿಸಿದೆ. ಮುದುಕ ಕೊಟ್ಟ ಮೀನಿಗೆ ನಾನು ತಂದಿದ್ದ ಒಣ ವಾಟೆಹುಳಿ ಹಾಕಿ ಅಳಿಯ ಸಾರು ಮಾಡಿದ. ಮುದುಕನಿಗೆ ಮಗಳು ಬಿಸಿಬಿಸಿ ಕಡುಬು ಕೊಟ್ಟು ಬಂದಳು. ಹೊಸಿಲು ಇರಲಿಲ್ಲವಲ್ಲ, ಮೊದಲ ಕಡುಬನ್ನು ಹಲಗೆ ಇದ್ದ ಜಾಗದಲ್ಲೇ ಇಟ್ಟೆ.

ಗಾಜಿನ ಬಾಗಿಲು ತೆಗೆದು ನೆಲದ ಮೇಲೆ ಸುತ್ತ ಕೂತು ಉಂಡೆವು. "ಅಮ್ಮ, ಇನ್ನೊಂದು ಕಡುಬು ಹಾಕು" ಎಂದು ಮಗಳು ತಟ್ಟೆ ಚಾಚಿದಳು. ನಾವು ಹೋದ ಮೇಲೆ ಅವಳು ಬಾಯಿಬಿಟ್ಟು ಕೇಳಿ ಉಂಡದ್ದು ಅದೇ ಮೊದಲು. ಮೊಮ್ಮಗಳು ಒಂದು ಕಡೆ ಕೂರಲೇ ಇಲ್ಲ. ಅಜ್ಜನ ತಟ್ಟೆಯಿಂದ ಅಪ್ಪನ ತಟ್ಟೆಗೆ, ಅಲ್ಲಿಂದ ನನ್ನ ತಟ್ಟೆಗೆ, ಬೀಳುತ್ತಾ ಏಳುತ್ತಾ ನಡೆದು, ಎಲ್ಲರ ಕೈಯಿಂದಲೂ ಒಂದೊಂದು ತುತ್ತು ಉಂಡಳು.