ಒಂಬತ್ತು ಬೀಜದ ಒಡತಿ

ನವೆಂಬರ್ ಒಂಬತ್ತು, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪಂಚಾಯ್ತಿ ಶುರುವಾಯಿತು. ಮುಗಿದದ್ದು ಒಂದೂ ಕಾಲಿಗೆ. ಅಷ್ಟರಲ್ಲಿ ‘ಮರ್ಯಾದೆ’ ಎಂಬ ಪದ ಮೂವತ್ತೊಂದು ಸಲ ಬಂತು. (ಹೌದು, ಎಣಿಸಿದೆ. ಈ ಅಂಕಣ ಓದುವವರಿಗೆ ನನ್ನ ಚಾಳಿ ಗೊತ್ತೇ ಇದೆ.) ಯಾರ ಬದುಕಿನ ಬಗ್ಗೆ ತೀರ್ಮಾನ ಆಗಬೇಕಿತ್ತೋ ಅವಳ ಹೆಸರು ಎಷ್ಟು ಸಲ ಬಂತು? ಒಂದೇ ಸಲ.

ಗೀತಕ್ಕ ನನ್ನ ದೊಡ್ಡಮ್ಮನ ಮಗಳು. ಹನ್ನೊಂದು ವರ್ಷದ ಹಿಂದೆ ಮುಳಬಾಗಿಲಿನ ದೊಡ್ಡ ಮನೆಗೆ ಸೊಸೆಯಾಗಿ ಹೋದಳು. ಟೊಮೆಟೊ ಮಂಡಿ, ಪೆಟ್ರೋಲ್ ಬಂಕ್, ಹೈವೇ ಪಕ್ಕ ಕಲ್ಯಾಣ ಮಂಟಪ ಇರುವ ಮನೆ. ಈಗ ಅವಳೂ ಶ್ರೀಧರ ಭಾವನೂ ಬೇರೆಯಾಗುತ್ತಿದ್ದಾರೆ. ಕಾರಣ ಕೇಳಬೇಡಿ, ಅದು ಅವರಿಬ್ಬರದು. ಡೈವೋರ್ಸ್‌ಗೆ ಇಬ್ಬರ ಒಪ್ಪಿಗೆಯೂ ಇದೆ.

‘ದುಡ್ಡಿರೋರಿಗೇನು, ಡೈವೋರ್ಸ್ ಸಲೀಸು. ಅರ್ಧ ಅರ್ಧ ಮಾಡ್ಕೊಂಡು ಹೋಗ್ತಾರೆ’ ಅಂತ ನಾನೂ ಅಂದುಕೊಂಡಿದ್ದೆ.

ಯಾವುದರಲ್ಲಿ ಅರ್ಧ?

ಬಂಗಲೆ ಭಾವನ ತಾಯಿಯ ಹೆಸರಲ್ಲಿದೆ. ಕಾರು ಮಂಡಿಯದು. ಮಂಡಿ ಅಣ್ಣನದು. ಬಂಕು, ಕಲ್ಯಾಣ ಮಂಟಪ ಎರಡೂ ಸೋದರಮಾವ ವೆಂಕಟರಾಮಪ್ಪನವರದು. ಭಾವನ ಹೆಸರಲ್ಲಿ ಒಂದು ಹಳೇ ಬುಲೆಟ್ ಇದೆ. ಡೈವೋರ್ಸ್ ಮಾತು ಬಂದ ಕೂಡಲೇ ಇಡೀ ತಾಲ್ಲೂಕಿನಲ್ಲಿ ಇವರಷ್ಟು ಬಡವರೇ ಇಲ್ಲ!

ಮದುವೆ ಮಾತುಕತೆಯ ದಿನದ ನನ್ನ ಡೈರಿಯಲ್ಲಿ ಬೇರೆಯೇ ಇದೆ. ಆಗ ನಾನಿನ್ನೂ ಹೈಸ್ಕೂಲು. ಇದೇ ವೆಂಕಟರಾಮಪ್ಪನವರು ನಮ್ಮ ದೊಡ್ಡಪ್ಪನಿಗೆ ಹೇಳಿದ್ದು: “ಎಲ್ಲಾ ಹುಡುಗಂದೇ ಸ್ವಾಮಿ, ನಾವೆಲ್ಲ ಕಾವಲಿಗಿರೋರು.” ಪುಟ, ತಾರೀಖು ಎರಡೂ ಇವೆ. ಬೇಕಾದವರು ಬಂದು ನೋಡಬಹುದು.

ಭಾನುವಾರದ ಪಂಚಾಯ್ತಿಗೆ ಅವರದೇ ಅಧ್ಯಕ್ಷತೆ. ಮೊದಲು ಕಾಫಿ, ಆಮೇಲೆ ಧಾರಾಳ. ಕೋಲಾರದಲ್ಲಿ ಒಂದು ಮನೆ, ತಿಂಗಳು ತಿಂಗಳು ಖರ್ಚಿಗೆ, ಒಡವೆಯಂತೂ ಅವಳದೇ. “ಇನ್ನೇನು ಬೇಕಮ್ಮಾ?”

“ಸಸಿ ನರ್ಸರಿ,” ಅಂದಳು ಅಕ್ಕ. “ನೆಲ ನಿಮ್ದೇ ಇರ್ಲಿ ಮಾವ, ಬಾಡಿಗೆ ಕೊಡ್ತೀನಿ. ನರ್ಸರಿ ನಾನು ಕಟ್ಟಿದ್ದು. ಅದು ಬಿಡಲ್ಲ.”

ನಕ್ಕರು. ಎಲ್ಲರೂ ನಕ್ಕರು.

“ಊರ್ಕೋ ಅಮ್ಮಾಯ್!” ಅಂದರು ವೆಂಕಟರಾಮಪ್ಪ. ಸುಮ್ಮನಿರು ಹುಡುಗಿ ಅಂತ. ಮೂವತ್ತೈದರ ಹೆಂಗಸಿಗೆ. “ಕಾಲ್ ಮೇಲೆ ಕಾಲ್ ಹಾಕ್ಕೊಂಡು ತಿನ್ನೋದು ಬಿಟ್ಟು ಮಣ್ಣಲ್ಲಿ ಕೈಯಾಡಿಸ್ತೀನಿ ಅಂತೀಯಲ್ಲ. ಬಿಟ್ಟು ಹೋದ ಸೊಸೆ ನಮ್ಮ ನೆಲದಲ್ಲೇ ಅಂಗಡಿ ಇಟ್ರೆ ನಮ್ಮ ಮರ್ಯಾದೆ ಏನಾಗ್ಬೇಕು?” (ಅದು ಹದಿನಾಲ್ಕನೆಯದು.)

ಅತ್ತೆ ನಾರಾಯಣಮ್ಮ ಆಗ ಬಾಯಿಬಿಟ್ಟರು. “ನರ್ಸರಿ ನನ್ನ ಹೆಸರಲ್ಲಿದೆ. ಬೋರ್ಡ್ ನಂದು, ಲೈಸೆನ್ಸ್ ನಂದು. ಕೈಗುಣಾನೂ ನಂದೇ ಕಣೇ.”

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಒಂಬತ್ತು ವರ್ಷದ ಹಿಂದೆ ನರ್ಸರಿ ಶುರುವಾದಾಗ ನಾನು ರಜೆಗೆ ಅಲ್ಲಿದ್ದೆ. ನಮ್ಮ ಕಡೆ ಮೊದಲ ಬೀಜ ಕೈಗುಣ ಇರುವವರೇ ಹಾಕಬೇಕು. “ಅತ್ತೆ ಕೈ ಚೆನ್ನಾಗಿದೆ, ಅವರೇ ಹಾಕ್ಲಿ, ಅವರ ಹೆಸರಲ್ಲೇ ಇರ್ಲಿ” ಅಂದವಳು ಅಕ್ಕನೇ. ನಾರಾಯಣಮ್ಮ ನರ್ಸರಿ, ಎರಡು ‘ನ’ ಕೇಳಲು ಚೆಂದ ಅಂದವಳು ನಾನೇ. ಸಸಿ ಟ್ರೇಯಲ್ಲಿ ತೊಂಬತ್ತೆಂಟು ಗುಳಿ ಇರುತ್ತವೆ. ಅತ್ತೆ ಒಂಬತ್ತು ಬೀಜ ಹಾಕಿ, ಬಿಸಿಲು ಅಂತ ಒಳಗೆ ಹೋದರು. ಉಳಿದ ಎಂಬತ್ತೊಂಬತ್ತು ಅಕ್ಕ ಹಾಕಿದಳು. ಅವತ್ತಿನಿಂದ ಇವತ್ತಿನವರೆಗೆ ಎಲ್ಲ ಟ್ರೇಗಳನ್ನೂ ಅವಳೇ ನೋಡಿಕೊಂಡಳು.

ಹೆಸರು ಕೊಟ್ಟದ್ದು ಪ್ರೀತಿಯಿಂದ. ಪ್ರೀತಿಯಿಂದ ಕೊಟ್ಟದ್ದನ್ನು ಲೈಸೆನ್ಸ್ ಮಾಡಿಕೊಳ್ಳುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಹನ್ನೆರಡೂ ಐದಕ್ಕೆ ಭಾವನ ಜೇಬಿನಲ್ಲಿ ನರ್ಸರಿಯ ಫೋನು ಬಡಿದುಕೊಂಡಿತು. ಅಕ್ಕ ತವರಿಗೆ ಬಂದಾಗ ಅದನ್ನು ಅವಳ ಕೈಯಿಂದ ಇಸಕೊಂಡಿದ್ದರು. ಭಾವ ಎತ್ತಿದರು. “ಹಾಂ... ಹಾಂ... ಹಂಗಾ?” ಬೆವರು ಒರೆಸಿಕೊಂಡರು. ತಾಯಿಯ ಮುಖ ನೋಡಿದರು. ತಾಯಿ ಫ್ಯಾನ್ ನೋಡಿದರು. ಕೊನೆಗೆ ಕಾಫಿ ಲೋಟಗಳ ಮೇಲಿಂದ ಕೈ ಚಾಚಿ ಫೋನನ್ನು ಅಕ್ಕನ ಮುಂದೆ ಹಿಡಿದರು.

“ದೇವರಾಯಸಮುದ್ರದೋರು. ಸಸಿ ಬೀಳ್ತಿದೆಯಂತೆ. ಗೀತಮ್ಮನೇ ಬೇಕಂತೆ.”

ಅಕ್ಕನ ಹೆಸರು ಬಂದ ಆ ಒಂದೇ ಸಲ ಇದು.

ನಾನಾಗಿದ್ದರೆ ಫೋನು ಗೋಡೆಗೆ ಬಡಿಯುತ್ತಿದ್ದೆ. ಅಕ್ಕ ಕಿವಿಗಿಟ್ಟುಕೊಂಡಳು. “ಹೇಳಣ್ಣಾ... ಬುಡ ಕಪ್ಪಾಗಿದೆಯಾ? ಟ್ರೇ ಎಲ್ಲಿಟ್ಟಿದ್ದೀರಿ? ಟಾರ್ಪಾಲ್ ಕೆಳಗಾ? ಅಯ್ಯೋ, ಮೊದ್ಲು ತೆಗೀರಿ, ಗಾಳಿ ಆಡ್ಲಿ. ಇವತ್ತು ನೀರು ಹಾಕ್ಬೇಡಿ. ಕೆಟ್ಟಿರೋವು ಕಿತ್ತು ದೂರ ಬಿಸಾಕಿ, ಮಿಕ್ಕಿದ್ದು ಉಳೀತವೆ.” ನಾಲ್ಕು ನಿಮಿಷ. ಫೋನನ್ನು ಸೆರಗಿನಿಂದ ಒರೆಸಿ ಭಾವನಿಗೆ ವಾಪಸ್ ಕೊಟ್ಟಳು.

ವೆಂಕಟರಾಮಪ್ಪ ಗಂಟಲು ಸರಿಮಾಡಿಕೊಂಡರು. “ಹಾಂ, ಎಲ್ಲಿದ್ವಿ? ನರ್ಸರಿಗೂ ಹುಡುಗಿಗೂ ಸಂಬಂಧ ಇಲ್ಲ. ಅದು ಬರ್ಕೊಳ್ಳಿ.”

ಬರೆದುಕೊಂಡೆ ಮಾವ. ನಿಮ್ಮ ಮಾತು, ಗಂಟೆ, ನಿಮಿಷ, ಎಲ್ಲ ಬರೆದುಕೊಂಡೆ. ಒಬ್ಬರಿಗೂ ನಾಚಿಕೆಯಾಗಲಿಲ್ಲ ಅನ್ನುವುದನ್ನೂ ಬರೆದುಕೊಂಡೆ.

ಅವರು ಬರೆಸಿದ ಕಾಗದಕ್ಕೆ ಅಕ್ಕ ಸಹಿ ಹಾಕದೆ ಎದ್ದು ಬಂದಳು. ಮಾರನೇ ದಿನ ಕೋಲಾರದಲ್ಲಿ ವಕೀಲರನ್ನು ಕಂಡೆವು. ಅವರು ಕೇಳಿದ್ದು ಒಂದೇ: “ಇವರೇ ನಡೆಸ್ತಿದ್ರು ಅನ್ನೋದಕ್ಕೆ ಏನಿದೆ?” ಸಂಬಳದ ಚೀಟಿ ಇಲ್ಲ. (ಮನೆ ಸೊಸೆಗೆ ಸಂಬಳವೇ?) ಬಿಲ್ಲಿನ ಮೇಲೆ ಅತ್ತೆಯ ಹೆಸರು. ರಜೆಗೆ ಹೋದಾಗಲೆಲ್ಲ ನಾನು ಬರೆದಿಟ್ಟ ದಿನಗಳು ಐವತ್ತೆರಡು. ಒಂಬತ್ತು ವರ್ಷದ ದುಡಿಮೆಗೆ ತಂಗಿಯ ಡೈರಿಯ ಐವತ್ತೆರಡು ದಿನ! ಸಾಲದು ಅಂದರು.

ಎರಡು ಎಕರೆ ಟೊಮೆಟೊ ಇಟ್ಟ ಸಂಸಾರದಲ್ಲಾದರೂ ಹೆಂಡತಿ ದುಡಿದಳು ಅಂತ ಪಕ್ಕದ ಹೊಲದವರು ಹೇಳುತ್ತಾರೆ. ಸಿರಿವಂತರ ಮನೆಯಲ್ಲಿ ಕಾಂಪೌಂಡು ಎತ್ತರ. ಒಳಗೆ ಯಾರು ದುಡಿದರೂ ಹೊರಗೆ ಕಾಣುವುದು ಬೋರ್ಡು ಮಾತ್ರ.

ಅದಕ್ಕೇ ಕೇಳುತ್ತಿದ್ದೇನೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಕ್ಯಾಲನೂರು ಕಡೆಯಿಂದ ಆ ನರ್ಸರಿಗೆ ಬಂದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಒಂದು ಕಾಗದ ಹಾಕಿ. ತಾರೀಖು ನೆನಪಿದ್ದರೆ ಅದೂ ಇರಲಿ. ಬಿಲ್ಲಿನ ಮೇಲೆ ಯಾರ ಹೆಸರಿತ್ತು ಅನ್ನುವುದು ಬೇಡ. ಸಸಿ ಬಾಡಿದಾಗ ನೀವು ಯಾರನ್ನು ಕೇಳಿದಿರಿ, ಅಷ್ಟು ಬರೆಯಿರಿ.